ರಾಜಕೀಯವೇ ಗೊತ್ತಿಲ್ಲದವರು ನೇರವಾಗಿ ಸಂಸತ್ತಿಗೆ ಹೋದರೆ ಏನಾಗುತ್ತದೆ?

ಮೂರನೇಸಾಲು:
ಡಾಕ್ಟರು, ಮೇಷ್ಟ್ರು, ಅಂಗಡಿ ನಡೆಸುವವರು, ಹೀಗೆ ಯಾವತ್ತೂ ಒಂದು ಚುನಾವಣೆಗೂ ನಿಲ್ಲದವರು ಸಂಸತ್ತಿಗೆ ಬಂದರೆ ಒಳ್ಳೆಯದು ಅಂತ ನನ್ನ ಅನಿಸಿಕೆ. ಹಳಬರ ಹಂಗು ಅವರಿಗೆ ಇರುವುದಿಲ್ಲ ಅಲ್ವಾ? ಗೆಳೆಯನೊಬ್ಬ ಮಾತ್ರ "ಅವರು ಸುಮ್ನೆ ಕೈ ಎತ್ತಿ ಕೂರುತ್ತಾರೆ" ಅನ್ನುತ್ತಾನೆ. ಇಂಥದ್ದು ಎಲ್ಲಾದರೂ ದೊಡ್ಡದಾಗಿ ನಡೆದಿದೆಯಾ?

ಕಡತಪ್ರಿಯ:
ನಡೆದಿದೆ. ಫ್ರಾನ್ಸ್‌ನಲ್ಲಿ ಮಾಕ್ರೋನ್ ಪಕ್ಷ ಹುಟ್ಟಿದ್ದು 2016ರಲ್ಲಿ, ಮರುವರ್ಷವೇ 577ರಲ್ಲಿ 300ಕ್ಕೂ ಹೆಚ್ಚು ಸೀಟು ಗೆದ್ದಿತು, ಅಭ್ಯರ್ಥಿಗಳಲ್ಲಿ ಸುಮಾರು ಅರ್ಧ ಜನ ರಾಜಕೀಯದ ಹೊರಗಿನವರು. 2019ರಲ್ಲಿ ಯುಕ್ರೇನ್‌ನ ಝೆಲೆನ್‌ಸ್ಕಿ ಪಕ್ಷ ಇನ್ನೂ ಮುಂದೆ ಹೋಗಿ ಹಾಲಿ ಸಂಸದರಿಗೆ ಟಿಕೆಟ್ಟೇ ಕೊಡಲಿಲ್ಲ. 254 ಸೀಟು ಬಂತು. ಗೆದ್ದವರನ್ನು ಒಂದು ವಾರ ತರಬೇತಿಗೆ ಕೂರಿಸಿದರು. ಒಂದೇ ವಾರ! ಬಜೆಟ್ ಓದುವುದು, ಮಸೂದೆಗೆ ತಿದ್ದುಪಡಿ ಬರೆಯುವುದು, ಸಮಿತಿಯಲ್ಲಿ ಅಧಿಕಾರಿಯನ್ನು ಪ್ರಶ್ನೆ ಕೇಳಿ ಕಟ್ಟಿಹಾಕುವುದು, ಇವೆಲ್ಲ ವಾರದಲ್ಲಿ ಬರುತ್ತಾ? ಗೊತ್ತಿಲ್ಲದವನು ಪಕ್ಷದ ಸಚೇತಕರು ಹೇಳಿದ ಕಡೆ ಮತ ಹಾಕುತ್ತಾನೆ. ನಿಮ್ಮ ಗೆಳೆಯ ಹೇಳಿದ್ದು ಅರ್ಧ ನಿಜ.

ನಿಧಾನಿ:
ಅಷ್ಟು ಬೇಗ ತೀರ್ಪು ಕೊಡಬೇಡಿ. ಕೆನಡಾದ ರೂತ್ ಎಲೆನ್ ಬ್ರೊಸೊ 2011ರಲ್ಲಿ ಗೆದ್ದಾಗ ಜನ ನಕ್ಕಿದ್ದೇ ನಕ್ಕಿದ್ದು. ಪ್ರಚಾರದ ಹೊತ್ತಲ್ಲಿ ಲಾಸ್ ವೇಗಸ್‌ಗೆ ರಜೆಗೆ ಹೋಗಿದ್ದರು, ಕ್ಷೇತ್ರದವರು ಫ್ರೆಂಚ್ ಮಾತಾಡುವವರು, ಇವರಿಗೆ ಅದು ಸರಿಯಾಗಿ ಬರುತ್ತಿರಲಿಲ್ಲ. ಆಮೇಲೆ ಫ್ರೆಂಚ್ ಕಲಿತರು, ಕ್ಷೇತ್ರ ಸುತ್ತಿದರು, 2015ರಲ್ಲಿ ಇನ್ನೂ ಜಾಸ್ತಿ ಅಂತರದಿಂದ ಗೆದ್ದರು, ಮುಂದೆ ಸದನದಲ್ಲಿ ತಮ್ಮ ಪಕ್ಷದ ಕಲಾಪ ನೋಡಿಕೊಳ್ಳುವ ಹೊಣೆಯೂ ಬಂತು. 2019ರಲ್ಲಿ ಸೋತರು, ಅದು ಬೇರೆ ಮಾತು.

ಮೂರನೇಸಾಲು:
ಹಾಗಾದರೆ ಎಲ್ಲಾ ಆ ವ್ಯಕ್ತಿಯ ಮೇಲೇ ನಿಂತಿದೆಯಾ?

ಹಿಂದಿನಬೆಂಚು:
ಇಲ್ಲ, ಮುಂದಿನ ಟಿಕೆಟ್ ಯಾರ ಕೈಯಲ್ಲಿದೆ ಅನ್ನುವುದೇ ಮುಖ್ಯ. ಮೆಕ್ಸಿಕೋದಲ್ಲಿ 1933ರಿಂದ ಸಂಸದರು ಸತತ ಎರಡನೇ ಸಲ ನಿಲ್ಲುವ ಹಾಗಿರಲಿಲ್ಲ, 2014ರ ತಿದ್ದುಪಡಿ ಬರುವವರೆಗೂ. ಕೆಳಮನೆಯ ಅವಧಿ ಮೂರೇ ವರ್ಷ. ಹಾಗಾಗಿ ಪ್ರತಿ ಸಲ ಮನೆ ತುಂಬಾ ಹೊಸ ಮುಖಗಳು. (ಎಲ್ಲರೂ ಅನನುಭವಿಗಳಲ್ಲ, ಬೇರೆ ಹುದ್ದೆ ನೋಡಿ ಬಂದವರೂ ಇದ್ದರು.) ಚೆನ್ನಾಗಿ ಕೆಲಸ ಮಾಡಿದರೂ ಅದೇ ಮತದಾರ ಮತ್ತೆ ಆರಿಸುವ ಹಾಗಿಲ್ಲ, ಮುಂದಿನ ಹುದ್ದೆ ಕೊಡುವುದು ಪಕ್ಷದ ದೊಡ್ಡವರು, ಆಗ ಅವನು ಯಾರ ಮಾತು ಕೇಳುತ್ತಾನೆ ಹೇಳಿ? ಬ್ರೊಸೊಗೆ ಕಲಿಯಲು ನಾಲ್ಕು ವರ್ಷ ಸಿಕ್ಕಿತು, ಅದೇ ಜನರ ಮುಂದೆ ಮತ್ತೆ ನಿಲ್ಲುವ ಅವಕಾಶವೂ ಇತ್ತು. ಹೊಸಬರು ಬರಲಿ, ಆದರೆ ಅವರಿಗೆ ಮಸೂದೆ ಬಿಡಿಸಿ ಹೇಳುವ ಒಳ್ಳೆಯ ಸಿಬ್ಬಂದಿ ಬೇಕು, ಒಂದೇ ಸಮಿತಿಯಲ್ಲಿ ಪೂರ್ತಿ ಅವಧಿ ಕೂರಲು ಬಿಡಬೇಕು. ಅದಿಲ್ಲದಿದ್ದರೆ ಹತ್ತಾರು ವರ್ಷ ಅಲ್ಲೇ ಬೇರೂರಿದ ಅಧಿಕಾರಿಗಳೇ ನಿಜವಾದ ಸಂಸದರು.