ಅಪ್‌ಡೇಟ್: ‘ನೋ’ ಒತ್ತಿದರೂ ಚೀಟಿ ಅಳಿಸಿಹೋಗುತ್ತಿದ್ದ ಸಮಸ್ಯೆ
ಚಿಕ್ಕಮಗಳೂರಿನ ಕಾಫಿ ವ್ಯಾಪಾರಿಯೊಬ್ಬರ ತೂಕದ ಲೆಕ್ಕ ಇಡುವ ಪೈಥಾನ್ ತಂತ್ರಾಂಶದಲ್ಲಿ, ‘ಈ ಚೀಟಿ ಅಳಿಸಬೇಕೇ?’ ಎಂಬುದಕ್ಕೆ ‘ನೋ’ ಒತ್ತಿದರೂ ಚೀಟಿ ಮಾಯವಾಗುತ್ತಿದೆ ಎಂದು ಕೇಳಿದ್ದೆ. ಬಟನ್ ಏನನ್ನು ಹಿಂದಿರುಗಿಸುತ್ತದೆ ಎಂದು ಮೊದಲು ಪ್ರಿಂಟ್ ಮಾಡಿ ನೋಡಿ ಎಂದವರಿಗೆ ನಮಸ್ಕಾರ. ಕಳ್ಳ ಅಲ್ಲೇ ಸಿಕ್ಕಿಬಿದ್ದ. ಪೈಥಾನ್‌ನಲ್ಲಿ ವಿಂಡೋ, ಬಟನ್ ಮಾಡಿಕೊಡುವ ಲೈಬ್ರರಿ ಟಿಕಿಂಟರ್. ಅದರ ಪ್ರಶ್ನೆ ಕೇಳುವ ಫಂಕ್ಷನ್ ‘ಆಸ್ಕ್‌ಕ್ವೆಶ್ಚನ್’ ಕೊಡುವುದು ಟ್ರೂ (ಸತ್ಯ) ಅಥವಾ ಫಾಲ್ಸ್ (ಸುಳ್ಳು) ಎಂಬ ಮೌಲ್ಯವನ್ನಲ್ಲ. ‘ಯೆಸ್’ ಅಥವಾ ‘ನೋ’ ಎಂಬ ಸ್ಟ್ರಿಂಗ್, ಅಂದರೆ ಬರಿಯ ಅಕ್ಷರಗಳ ಸಾಲು. ಖಾಲಿಯಲ್ಲದ ಯಾವ ಸ್ಟ್ರಿಂಗ್ ಆದರೂ ಪೈಥಾನ್‌ನ ‘ಇಫ್’ಗೆ ಸತ್ಯವೇ. ಬೇಡವೆಂದರೂ ಬಡಿಸುವ ಬೀಗರ ಮನೆಯ ಊಟದ ಹಾಗೆ! ಅದರ ಬದಲು ಟ್ರೂ ಅಥವಾ ಫಾಲ್ಸ್ ಕೊಡುವ ‘ಆಸ್ಕ್‌ಯೆಸ್‌ನೋ’ ಹಾಕಿದೆ, ಸರಿಹೋಯಿತು.

ವಿಂಡೋ ಮುಚ್ಚುವಾಗ ಬರುವ ‘ಆಸ್ಕ್‌ಯೆಸ್‌ನೋಕ್ಯಾನ್ಸಲ್’ ಇನ್ನೂ ಕಿತಾಪತಿಯದು. ಕ್ಯಾನ್ಸಲ್ ಒತ್ತಿದರೆ ‘ನನ್’ (‘ಏನೂ ಇಲ್ಲ’ ಎಂಬ ಮೌಲ್ಯ) ಬರುತ್ತದೆ, ‘ಇಫ್’ ಅದನ್ನೂ ಫಾಲ್ಸ್‌ನಂತೆಯೇ ನೋಡುತ್ತದೆ. ‘ಇಫ್ ನಾಟ್’ ಎಂದಷ್ಟೇ ಬರೆದರೆ ನೋ, ಕ್ಯಾನ್ಸಲ್ ಎರಡಕ್ಕೂ ಒಂದೇ ಗತಿ. ಅಲ್ಲಿ ‘ಈಸ್ ನನ್’ ಪರೀಕ್ಷೆಯನ್ನು ಮೊದಲು ಇಟ್ಟಿದ್ದೇನೆ.