ಎರಡು ಡಿಸ್ಕ್ ಮಿರರ್ ಮಾಡಿದರೆ ಬೇರೆ ಬ್ಯಾಕಪ್ ಬೇಕಾ?

ಸಾಗರದ_ಸ್ಟುಡಿಯೋ:
ನಮಸ್ಕಾರ. ಮದುವೆ, ನಾಮಕರಣದ ಫೋಟೊ ತೆಗೆಯುವುದು ನನ್ನ ಕೆಲಸ. ಹೋದ ತಿಂಗಳು ಎಕ್ಸ್‌ಟರ್ನಲ್ ಡಿಸ್ಕ್ ಒಂದು ಟಿಕ್ ಟಿಕ್ ಅಂತ ಸದ್ದು ಮಾಡಿ ನಿಂತೇಹೋಯಿತು. ಒಂದು ಮದುವೆಯ ಧಾರೆಯ ಫೋಟೊಗಳೆಲ್ಲ ಅದರಲ್ಲೇ ಇದ್ದವು. ಪುಣ್ಯಕ್ಕೆ ಮೆಮೊರಿ ಕಾರ್ಡ್ ಅಳಿಸಿರಲಿಲ್ಲ. ಈಗ 4 ಟಿಬಿಯ ಎರಡು ಡಿಸ್ಕ್ ತಂದು, ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ರೇಡ್ 1, ಅಂದರೆ ಒಂದಕ್ಕೆ ಬರೆದದ್ದು ಇನ್ನೊಂದಕ್ಕೂ ಬರೆಯುವ ಮಿರರ್, ಮಾಡೋಣ ಅಂತಿದ್ದೇನೆ. ಎರಡರಲ್ಲೂ ಒಂದೇ ಡೇಟಾ ಇರುತ್ತದೆ ಅಲ್ವಾ, ಹಾಗಾದರೆ ಬೇರೆ ಬ್ಯಾಕಪ್ ಬೇಕಾ? ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗುವುದು ಬೇರೆ ಜಾಸ್ತಿ.

ಹುಬ್ಬಳ್ಳಿ_ಅಡ್ಮಿನ್:
ಬೇಕು ಸರ್, ಖಂಡಿತ ಬೇಕು. ರೇಡ್ 1 ಕಾಯುವುದು ಒಂದು ಡಿಸ್ಕ್ ಕೆಟ್ಟಾಗ ಮಾತ್ರ. ಉಳಿದ ಡಿಸ್ಕಿನ ಮೇಲೆ ಕೆಲಸ ನಿಲ್ಲದೆ ನಡೆಯುತ್ತದೆ, ಅದು ದೊಡ್ಡ ಅನುಕೂಲವೇ. ಆದರೆ ನೀವು ಕೈತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಆಗಲೇ ಎರಡೂ ಕಡೆ ಅಳಿಸಿಹೋಗುತ್ತದೆ, ರ‍್ಯಾನ್ಸಮ್‌ವೇರ್ ಬಂದು ಫೈಲುಗಳಿಗೆ ಬೀಗ ಹಾಕಿದರೂ ಎರಡೂ ಕಡೆ, ಸಿಡಿಲಿಗೆ ಪವರ್ ಸಪ್ಲೈ ಸುಟ್ಟರೆ ಎರಡು ಡಿಸ್ಕೂ ಒಟ್ಟಿಗೇ ಹೋಗಬಹುದು. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ರೇಡ್ ಬಗ್ಗೆ ಬರೆದಾಗ ಅವರ ಮುಂದಿದ್ದ ಪ್ರಶ್ನೆಯೂ ಇಷ್ಟೇ: ದುಬಾರಿಯ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕ್ ಸೇರಿಸಿದರೆ, ನಡುವೆ ಒಂದು ಕೆಟ್ಟಾಗ ಏನು ಮಾಡುವುದು?

ಯುಪಿಎಸ್ ಹಾಕಿ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಒಂದು ಡಿಸ್ಕಿಗೆ ಬರೆದದ್ದು ಇನ್ನೊಂದಕ್ಕೆ ಮುಟ್ಟದೇ ಇರಬಹುದು, ಆಮೇಲೆ ಎರಡನ್ನೂ ಮತ್ತೆ ಸರಿಹೊಂದಿಸಬೇಕು. ಪೂರ್ತಿ 4 ಟಿಬಿ ಅಂದರೆ ಸೆಕೆಂಡಿಗೆ 150 ಎಂಬಿ ವೇಗದಲ್ಲೂ 7 ಗಂಟೆ ದಾಟುತ್ತದೆ. ಬಿಟ್‌ಮ್ಯಾಪ್ (ಯಾವ ಭಾಗಕ್ಕೆ ಬರೆಯುತ್ತಿತ್ತು ಅಂತ ಗುರುತಿಟ್ಟುಕೊಳ್ಳುವ ಪಟ್ಟಿ) ಆನ್ ಇದ್ದರೆ ಬದಲಾದ ಭಾಗ ಮಾತ್ರ, ಬೇಗ ಮುಗಿಯುತ್ತದೆ.

ಕುಂದಾಪುರ_ಪ್ರೆಸ್:
ಮೇಲಿನವರು ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ನಮ್ಮ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಿರರ್ ಇತ್ತು, ಧೈರ್ಯವಾಗಿದ್ದೆವು. ಒಂದು ಡಿಸ್ಕ್ ಯಾವಾಗಲೋ ಸತ್ತಿತ್ತು, ಕೆಲಸ ಎಂದಿನಂತೆ ನಡೆಯುತ್ತಿದ್ದರಿಂದ ಐದು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಎರಡನೆಯದು ಹೋದ ದಿನವೇ ಗೊತ್ತಾಗಿದ್ದು. ಆರು ವರ್ಷದ ಡಿಸೈನ್ ಫೈಲುಗಳು ಹೋದವು, ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಡಿಸ್ಕ್ ಕೆಟ್ಟ ಕೂಡಲೇ ಮೇಲ್ ಬರುವ ಹಾಗೆ ಮಾಡಿಕೊಳ್ಳಿ. ಇಲ್ಲವೇ ವಾರಕ್ಕೊಮ್ಮೆ ಎಂಡಿಸ್ಟ್ಯಾಟ್ (ಮಿರರ್ ಸ್ಥಿತಿ ತೋರಿಸುವ ಲಿನಕ್ಸ್ ಫೈಲ್) ತೆರೆದು ನೋಡಿ: ಎರಡು ‘ಯು’ ಅಕ್ಷರ ಕಾಣಬೇಕು, ಒಂದರ ಜಾಗದಲ್ಲಿ ಗೀಟು ಇದ್ದರೆ ಒಂದು ಡಿಸ್ಕ್ ಇಲ್ಲ ಅಂತ ಅರ್ಥ.

ಸಾಗರದ_ಸ್ಟುಡಿಯೋ:
ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಎರಡು ಡಿಸ್ಕೂ ಒಂದೇ ಅಂಗಡಿಯಲ್ಲಿ ಒಟ್ಟಿಗೆ ತಂದರೆ ಪರವಾಗಿಲ್ವಾ?

ಹುಬ್ಬಳ್ಳಿ_ಅಡ್ಮಿನ್:
ಆದಷ್ಟು ಬೇರೆ ಕಂಪನಿಯದು ತನ್ನಿ, ಸಿಗದಿದ್ದರೆ ಬೇರೆ ಬ್ಯಾಚಿನದು. ಒಂದೇ ಬ್ಯಾಚಿನಲ್ಲಿ ದೋಷವಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಕೈಕೊಡಬಹುದು. ಝಡ್‌ಎಫ್‌ಎಸ್ (ಮಿರರ್ ಸೌಲಭ್ಯವೂ ಇರುವ ಒಂದು ಫೈಲ್ ವ್ಯವಸ್ಥೆ) ಕಲಿಯುವ ಮನಸ್ಸಿದ್ದರೆ ಇನ್ನೂ ಒಳ್ಳೆಯದು. ಎರಡು ಪ್ರತಿ ಬೇರೆ ಬೇರೆ ಆದಾಗ ಯಾವುದು ಸರಿ ಅಂತ ಮಾಮೂಲಿ ಮಿರರಿಗೆ ತಿಳಿಯುವುದಿಲ್ಲ, ಝಡ್‌ಎಫ್‌ಎಸ್ ಚೆಕ್‌ಸಮ್ (ಡೇಟಾ ಬದಲಾಗಿದೆಯಾ ಅಂತ ತಾಳೆ ನೋಡುವ ಸಂಖ್ಯೆ) ಇಟ್ಟುಕೊಂಡು ಸರಿಯಾದ ಪ್ರತಿಯಿಂದ ಕೆಟ್ಟದ್ದನ್ನು ರಿಪೇರಿ ಮಾಡುತ್ತದೆ.

ಸಾಗರದ_ಸ್ಟುಡಿಯೋ:
ಸರಿ ಸರ್, ಮೂರನೆಯ ಡಿಸ್ಕೂ ತರುತ್ತೇನೆ. ಪ್ರತಿ ಮದುವೆ ಮುಗಿದ ಮೇಲೆ ಕಾಪಿ ಮಾಡಿ, ವೈರ್ ಕಿತ್ತು, ಶಿವಮೊಗ್ಗದ ಅಕ್ಕನ ಮನೆಯಲ್ಲಿ ಇಡುತ್ತೇನೆ. ಅಲ್ಲಿಯವರೆಗೆ ಮೆಮೊರಿ ಕಾರ್ಡ್ ಅಳಿಸುವುದಿಲ್ಲ.