ಸಹಾಯ ಬೇಕು: ಮಕ್ಕಳ ಸ್ವ-ಪರಿಕಲ್ಪನೆ ಅಳೆಯಲು ಯಾವ ಪ್ರಶ್ನಾವಳಿ?

ಎಲ್ಲರಿಗೂ ನಮಸ್ಕಾರ. ಎಂಟನೇ ತರಗತಿ ಮಕ್ಕಳ ಸ್ವ-ಪರಿಕಲ್ಪನೆ (ತಮ್ಮ ಬಗ್ಗೆ ತಮಗೇ ಇರುವ ಅಭಿಪ್ರಾಯ) ಬಗ್ಗೆ ಪ್ರಬಂಧ ಮಾಡುತ್ತಿದ್ದೇನೆ. ಮೊದಲು ರೋಸೆನ್‌ಬರ್ಗ್ ಅವರ 1965ರ ಮಾಪನ ಕೊಟ್ಟು ನೋಡಿದೆ. 10 ಹೇಳಿಕೆ, ಬೇಗ ಮುಗಿಯುತ್ತದೆ. ಆದರೆ ಅದು ಅಳೆಯುವುದು ಒಟ್ಟಾರೆ ಸ್ವಾಭಿಮಾನ. ಗಣಿತ ಅಂದರೆ ಕುಗ್ಗಿ, ಆಟ ಅಂದರೆ ಹಿಗ್ಗುವ ಮಗು ಅದರಲ್ಲಿ ಕಾಣಿಸುವುದೇ ಇಲ್ಲ. ಸಾಲದ್ದಕ್ಕೆ 5 ಹೇಳಿಕೆ ಉಲ್ಟಾ, ಅಂದರೆ ಒಪ್ಪಿದರೆ ಸ್ವಾಭಿಮಾನ ಕಡಿಮೆ ಅಂತ ಲೆಕ್ಕ. 'ಹೆಮ್ಮೆ ಪಡುವಂಥದ್ದು ನನ್ನಲ್ಲಿ ಜಾಸ್ತಿ ಏನಿಲ್ಲ' ಎಂಬ ಸಾಲಿಗೆ ಬಂದಾಗ ಒಬ್ಬ ಹುಡುಗಿ ಪೆನ್ನು ಎತ್ತಿಕೊಂಡು ಕೂತಳು: "ಒಪ್ಪಲ್ಲ ಅಂತ ಹಾಕಿದರೆ ಹೆಮ್ಮೆ ಇದೆ ಅಂತಲಾ, ಇಲ್ಲ ಅಂತಲಾ?" ನನಗೂ ಒಂದು ಕ್ಷಣ ಗೊಂದಲವಾಯಿತು.

ಮಾರ್ಷ್ ಅವರ ಎಸ್‌ಡಿಕ್ಯು-2 ಎಂಬ ಸ್ವ-ಪರಿಕಲ್ಪನೆ ಪ್ರಶ್ನಾವಳಿ ಗಣಿತ, ಭಾಷೆ, ಗೆಳೆತನ ಅಂತ ಬೇರೆ ಬೇರೆ ಅಳೆಯುತ್ತದೆ, ನನಗೆ ಬೇಕಿರುವುದು ಅದೇ. ಆದರೆ 102 ಹೇಳಿಕೆ! ಅರ್ಧಕ್ಕೇ ಸುಸ್ತಾಗಿ ಸುಮ್ನೆ ಒಂದೇ ಸಾಲಿಗೆ ಟಿಕ್ ಹಾಕುತ್ತಾರೆ, ಅಲ್ವಾ? ಎರಡು ಮೂರು ಭಾಗ ಮಾತ್ರ ಬಳಸಿದವರು ಇದ್ದೀರಾ? ಉಲ್ಟಾ ಹೇಳಿಕೆಗಳನ್ನು ಏನು ಮಾಡಿದಿರಿ? ದಯವಿಟ್ಟು ತಿಳಿಸಿ.